ಒಹಾಕಾದಲ್ಲಿ ಟೋರ್ಟಿಯಾ ಕಲಿತಿದ್ದು

ಬೆಂಗಳೂರಲ್ಲಿ ಮೆಕ್ಸಿಕನ್ ಊಟ ಅಂತ ಸಿಗೋದು ಚೀಸ್ ಸುರಿದ ನಾಚೋಸು, ಗಟ್ಟಿ ಚಿಪ್ಪಿನ ಟಾಕೋ, ಮೈದಾ ಹಾಳೆಯಲ್ಲಿ ಸುತ್ತಿದ ಬರಿಟೋ, ಅದೆಲ್ಲ ಹೆಚ್ಚಾಗಿ ಟೆಕ್ಸಾಸ್ ದಾರಿ ಹಿಡಿದು ನಮಗೆ ಬಂದಿದ್ದು. ಸಾಫ್ಟ್‌ವೇರ್ ಕೆಲಸದ ಮೇಲೆ ಮೆಕ್ಸಿಕೋದ ಗ್ವಾದಲಹಾರಾಕ್ಕೆ ಬಂದು ನೆಲೆ ನಿಂತ ಮೇಲೆ ನನಗೆ ಗೊತ್ತಾಗಿದ್ದು, ಇಲ್ಲಿನ ಮನೆ ಊಟ ನಿಂತಿರೋದು ಮೆಕ್ಕೆಜೋಳ, ಬೀನ್ಸ್ ಕಾಳು, ಕುಂಬಳ, ಮೆಣಸಿನಕಾಯಿ ಇಷ್ಟರ ಮೇಲೆ ಅಂತ. ನಾನು ದಾವಣಗೆರೆ ಕಡೆಯವಳು. ನಮ್ಮನೇಲಿ ಹೊಲ ತುಂಬ ಮೆಕ್ಕೆಜೋಳನೇ ಬೆಳೀತಾರೆ, ಆದ್ರೆ ಅದನ್ನ ಯಾರೂ ಊಟಕ್ಕೆ ಅಂತ ಎತ್ತಿಟ್ಟಿದ್ದು ನಾನು ನೋಡಿಲ್ಲ, ಒಕ್ಕಣೆ ಆದ ಕೂಡ್ಲೇ ಚೀಲ ತುಂಬಿ ಎಪಿಎಂಸಿಗೆ ಹೋಗುತ್ತೆ, ಅಲ್ಲಿಂದ ಕೋಳಿ ಫೀಡಿಗೆ, ಸ್ಟಾರ್ಚ್ ಫ್ಯಾಕ್ಟರಿಗೆ. ಅದೇ ಕಾಳನ್ನ ದಿನದ ಮೂರು ಹೊತ್ತೂ ಉಣ್ಣೋ ದೇಶಕ್ಕೆ ಬಂದಿದೀನಿ, ಇದನ್ನ ಕಾಳಿಂದ ತಟ್ಟೆ ತನಕ ಕಲೀಲೇಬೇಕು ಅನ್ನಿಸ್ತು.

ಗ್ವಾದಲಹಾರಾದಲ್ಲಿ ಬೀದಿಗೊಂದು ಟೋರ್ಟಿಯಾ, ಅಂದ್ರೆ ಮೆಕ್ಕೆಜೋಳದ ತೆಳು ರೊಟ್ಟಿ ಅಂಗಡಿ ಇದೆ, ಮೆಷಿನ್ನಿಂದ ಒಂದರ ಹಿಂದೊಂದು ಬೀಳ್ತಾ ಇರುತ್ತೆ, ಕೆಜಿ ಲೆಕ್ಕದಲ್ಲಿ ಕಟ್ಟಿ ಕೊಡ್ತಾರೆ. ಬಿಸಿ ಇದ್ದಾಗ ಚೆನ್ನಾಗಿರುತ್ತೆ. ಆದ್ರೆ ಎಷ್ಟೋ ಅಂಗಡೀಲಿ ಅದು ಪ್ಯಾಕೆಟ್ ಹಿಟ್ಟು ಕಲಸಿ ಮಾಡಿದ್ದು. ಆಫೀಸಲ್ಲಿ ನನ್ನ ಪಕ್ಕದಲ್ಲಿ ಕೂರೋ ಹುಡುಗಿ ದಕ್ಷಿಣ ಮೆಕ್ಸಿಕೋದ ಒಹಾಕಾ ರಾಜ್ಯದವಳು, ಅವಳು ಇದನ್ನ ತಿನ್ನುವಾಗೆಲ್ಲ ಬೇಜಾರು ಮಾಡ್ಕೊಳ್ತಿದ್ಲು, ಕೊನೆಗೆ ಒಂದು ರಜೆಗೆ ತನ್ನ ಅತ್ತೆ, ಅಂದ್ರೆ ಅಪ್ಪನ ಅಕ್ಕನ ಮನೆಗೆ ನನ್ನ ಕರ್ಕೊಂಡು ಹೋದ್ಲು. ಒಹಾಕಾ ಸಿಟಿಯಿಂದ ಪೂರ್ವಕ್ಕೆ ತ್ಲಾಕೊಲೂಲಾ ಕಣಿವೆ ಅಂತಿದೆ, ಅಲ್ಲೊಂದು ಸಪೊಟೆಕ್ ಅನ್ನೋ ಮೂಲನಿವಾಸಿಗಳ ಊರು. ಸುತ್ತ ಬೋಳು ಗುಡ್ಡ, ನಡುವೆ ಚಪ್ಪಟೆ ಹೊಲ, ಬೇಲಿ ಸಾಲಿಗೆ ಭೂತಾಳೆ ಮತ್ತೆ ಪಾಪಸುಕಳ್ಳಿ. ಊರಲ್ಲಿ ಎಲ್ಲರೂ ಆ ಅತ್ತೆನ ತೀಯಾ ಅಂತಾರೆ, ನಾನೂ ಹಾಗೇ ಕರೆದೆ, ಅವರು ನನ್ನ ಮೊದಲ ದಿನದಿಂದ್ಲೇ ಮೀಹಾ ಅಂದ್ರು, ಮಗಳೇ ಅಂತ. ಅದಾದ ಮೇಲೆ ರಜೆ ಸಿಕ್ಕಾಗೆಲ್ಲ ಹೋಗ್ತಾ ಬರ್ತಾ ಒಂದು ಬೆಳೆ ಪೂರ್ತಿ, ಬಿತ್ತನೆಯಿಂದ ಬೀಜ ಎತ್ತಿಡೋ ತನಕ, ಅವರ ಜೊತೆ ಇದ್ದೆ.

ಕಲಿಕೆ ಶುರುವಾಗಿದ್ದು ಸಾಯಂಕಾಲ. ತೀಯಾ ಒಂದು ಬುಟ್ಟಿ ಕಾಳು ತಂದು ಮುಂದಿಟ್ರು. ಬೊಲೀತಾ ಅಂತಾರೆ ಈ ತಳಿಗೆ, ಒಹಾಕಾ ಕಣಿವೆಗಳದ್ದೇ ತಳಿ, ಗಿಡ್ಡ ತೆನೆ, ದಪ್ಪನೆ ಉರುಟು ಕಾಳು, ಬಿಳೀದು ಹಳದಿ ಕೆಂಪು ಕಪ್ಪುನೀಲಿ ಎಲ್ಲ ಬಣ್ಣದಲ್ಲೂ ಬರುತ್ತೆ. ಅವತ್ತಿನದು ಬಿಳೀದು. ಮೊದಲು ಒಡಕು, ಹುಳ ಹಿಡಿದಿದ್ದು, ಬೂಸಲು ಬಂದಿದ್ದು ಎಲ್ಲ ಆರಿಸಿ ತೆಗೆಯೋದು, ಆಮೇಲೆ ಸುಣ್ಣ. ಹೌದು, ನಾವು ಎಲೆ ಅಡಿಕೆಗೆ ಹಚ್ಚೋ ಅದೇ ಸುಣ್ಣ, ಕ್ಯಾಲ್ಶಿಯಂ ಹೈಡ್ರಾಕ್ಸೈಡ್. ತೀಯಾ ಮನೇಲಿ ಸುಟ್ಟ ಸುಣ್ಣದ ಕಲ್ಲು ತಂದು ನೀರು ಹಾಕಿ ಅರಳಿಸಿ ಇಟ್ಕೊಳ್ತಾರೆ. ಅಳತೆ ಕೇಳಿದ್ರೆ ಕೈಯಲ್ಲೇ ತೋರಿಸ್ತಾರೆ, ಸುಮಾರಾಗಿ ಲೆಕ್ಕ ಹಾಕಿದ್ರೆ ಒಂದು ಕೆಜಿ ಕಾಳಿಗೆ 10 ಗ್ರಾಂ ಆಸುಪಾಸು. ನೀರಲ್ಲಿ ಸುಣ್ಣ ಕದಡಿ, ನಾಲಿಗೆ ತುದಿಗೆ ಒಂದು ಹನಿ ಮುಟ್ಟಿಸಿ ನೋಡ್ತಾರೆ, ಚುರುಕ್ ಅನ್ನಬೇಕು ಆದ್ರೆ ಸುಡಬಾರದು. ಹಳೇ ಕಾಳಾದ್ರೆ ಒಂದು ಲೆಕ್ಕ, ಹೊಸ ಕಾಳಾದ್ರೆ ಇನ್ನೊಂದು.

ಕಾಳು ಸುಣ್ಣದ ನೀರಿಗೆ ಬಿದ್ದ ಗಳಿಗೆಯಲ್ಲೇ ಬಣ್ಣ ತಿರುಗುತ್ತೆ, ಬಿಳೀ ಕಾಳು ಅರಿಶಿನ ಮುಟ್ಟಿದ ಹಾಗೆ ಹಳದಿ ಆಗುತ್ತೆ. ಸೌದೆ ಒಲೆ ಮೇಲೆ ನಿಧಾನಕ್ಕೆ ಕಾಯಿಸೋದು, ಕುದಿದು ಉಕ್ಕೋಕೆ ಬಿಡಲ್ಲ. ಆಗಾಗ ತೀಯಾ ಒಂದು ಕಾಳು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡೋರು, ಸಿಪ್ಪೆ ಲೋಳೆ ಥರ ಜಾರಿ ಬರಬೇಕು, ಆದ್ರೆ ಕಾಳು ಕಚ್ಚಿದ್ರೆ ಒಳಗೆ ಇನ್ನೂ ಬಿಳೀ ಹಸಿ ಚುಕ್ಕೆ ಕಾಣಬೇಕು. ಆ ಹದ ಬಂತು ಅಂದ್ರೆ ಒಲೆಯಿಂದ ಇಳಿಸಿ ಮುಚ್ಚಿ ರಾತ್ರಿಯೆಲ್ಲ ಹಾಗೇ ಬಿಡ್ತಾರೆ. ಪೊಸೋಲೆ ಅನ್ನೋ ಸಾರಿಗಾದ್ರೆ ಕಾಳು ಅರಳೋ ತನಕ ಬೇಯಿಸ್ತಾರೆ, ಟೋರ್ಟಿಯಾಕ್ಕೆ ಅಷ್ಟು ಬೇಡ. ಬೆಳಿಗ್ಗೆ ಆ ನೀರು ಕಿತ್ತಳೆ ಹಳದಿ ಬಣ್ಣಕ್ಕೆ ತಿರುಗಿ ಗಂಜಿ ಥರ ಜಾರ್ತಾ ಇರುತ್ತೆ, ಅದನ್ನ ಬಸಿದು, ಕಾಳನ್ನ ಎರಡು ಕೈಯಲ್ಲಿ ಉಜ್ಜಿ ಉಜ್ಜಿ ಒಳ್ಳೆ ನೀರಲ್ಲಿ ತೊಳೀತಾರೆ. ಈಗ ಇದು ನಿಶ್ತಮಾಲ್. ವಾಸನೆ ಹೇಗೆ ಹೇಳಲಿ, ಮೊದಲ ಮಳೆ ಬಿದ್ದ ಮಣ್ಣು ಮತ್ತೆ ಬೆಂದ ಕಾಳು ಎರಡೂ ಸೇರಿದ ಒಂದು ವಾಸನೆ, ಮನೆ ತುಂಬ ಇರುತ್ತೆ.

ಇದು ಬರೀ ಸಿಪ್ಪೆ ತೆಗೆಯೋ ಕೆಲಸ ಅಲ್ಲ. ಮೆಕ್ಕೆಜೋಳದಲ್ಲಿರೋ ನಯಾಸಿನ್ ಅನ್ನೋ ವಿಟಮಿನ್ ಬೇರೆ ಪದಾರ್ಥಕ್ಕೆ ಅಂಟಿಕೊಂಡಿರುತ್ತೆ, ನಮ್ಮ ಹೊಟ್ಟೆಗೆ ಅದನ್ನ ಬಿಡಿಸ್ಕೊಳ್ಳೋಕೆ ಆಗಲ್ಲ, ಸುಣ್ಣದಲ್ಲಿ ಬೇಯಿಸಿದಾಗ ಅದು ಬಿಡುಗಡೆ ಆಗುತ್ತೆ, ಜೊತೆಗೆ ಕ್ಯಾಲ್ಶಿಯಂ ಸೇರುತ್ತೆ. ಸುಣ್ಣ ಇಲ್ಲದೆ ಬೀಸಿದ ಮೆಕ್ಕೆಜೋಳದ ಹಿಟ್ಟು ಬರೀ ನೀರಲ್ಲಿ ಕಲಸಿದ್ರೆ ಮುದುರಿ ಒಡೆಯುತ್ತೆ, ಈ ಹಿಟ್ಟು ಒಡೆಯಲ್ಲ, ಅಂಟು ಬರುತ್ತೆ. ಸ್ಪ್ಯಾನಿಷರು ಈ ಕಾಳನ್ನ ಯುರೋಪಿಗೆ ತಗೊಂಡು ಹೋದ್ರು, ಸುಣ್ಣದ ಪದ್ಧತಿನ ಇಲ್ಲೇ ಬಿಟ್ಟು ಹೋದ್ರು. ಆಮೇಲೆ ಏನಾಯ್ತು, ಬರೀ ಮೆಕ್ಕೆಜೋಳ ತಿಂದು ಬದುಕ್ತಿದ್ದ ಬಡವರಿಗೆ ಮೈ ಚರ್ಮ ಒಡೆದು, ಭೇದಿ ಆಗಿ, ಬುದ್ಧಿ ಕಲಕೋ ಪೆಲ್ಲಾಗ್ರ ಅನ್ನೋ ಕಾಯಿಲೆ ಬಂತು. 1735ರಲ್ಲಿ ಸ್ಪೇನಿನ ಡಾಕ್ಟರ್ ಗಾಸ್ಪರ್ ಕಸಾಲ್ ಅದನ್ನ ಮೊದಲು ವಿವರಿಸಿದ್ರು, ಇಟಲಿಯಲ್ಲಿ ಹರಡ್ತು, 20ನೇ ಶತಮಾನದ ಶುರುವಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸಾವಿರಾರು ಜನ ಸತ್ರು, ಇದು ಅಂಟುರೋಗ ಅಲ್ಲ ಊಟದ ಕೊರತೆ ಅಂತ ಜೋಸೆಫ್ ಗೋಲ್ಡ್‌ಬರ್ಗರ್ ಅನ್ನೋ ಡಾಕ್ಟರ್ ತೋರಿಸಿಕೊಡಬೇಕಾಯ್ತು. ಇಲ್ಲಿನ ಹೆಂಗಸರ ಕೈಯಲ್ಲಿ ಅದಕ್ಕೆ ಪರಿಹಾರ ಸಾವಿರಾರು ವರ್ಷದಿಂದ ಇತ್ತು. ಅಡುಗೆಮನೆ ಜ್ಞಾನನ ಯಾರೂ ಜ್ಞಾನ ಅಂತ ಲೆಕ್ಕಕ್ಕೇ ತಗೊಳ್ಳದೆ ಇದ್ದಿದ್ದಕ್ಕೆ ಇಷ್ಟು ಜನ ಸತ್ರಲ್ಲ ಅಂತ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ.

ಬೆಳಿಗ್ಗೆ ಇನ್ನೂ ಕತ್ತಲಿರುವಾಗ್ಲೇ ಬಕೆಟ್ ಹಿಡ್ಕೊಂಡು ಊರಿನ ಗಿರಣಿಗೆ ಹೋಗಬೇಕು. ಹೆಂಗಸರ ಸಾಲು, ಒಬ್ಬೊಬ್ಬರ ಬಕೆಟಲ್ಲೂ ಒಂದೊಂದು ಬಣ್ಣದ ನಿಶ್ತಮಾಲ್. ಎರಡು ಕಲ್ಲುಗಳ ಮಧ್ಯೆ ಒದ್ದೆ ಕಾಳು ಬೀಸಿ ಮೆತ್ತಗಿನ ಹಿಟ್ಟಾಗಿ ಬೀಳುತ್ತೆ, ಇದಕ್ಕೆ ಮಾಸಾ ಅಂತಾರೆ. ಮನೆಗೆ ತಂದ ಮೇಲೆ ತೀಯಾ ಅದನ್ನ ಮತ್ತೆ ಮೆತಾತೆ ಮೇಲೆ ಹಾಕಿ ಅರೀತಾರೆ. ಮೆತಾತೆ ಅಂದ್ರೆ ಜ್ವಾಲಾಮುಖಿ ಕಲ್ಲಲ್ಲಿ ಕಡೆದ ಮೂರು ಕಾಲಿನ ಇಳಿಜಾರು ಅರೆಯೋ ಕಲ್ಲು, ಅದರ ಮುಂದೆ ಮಂಡಿಯೂರಿ ಕೂತು, ಗುಂಡುಕಲ್ಲನ್ನ ಎರಡೂ ಕೈಯಲ್ಲಿ ಹಿಡಿದು, ಭುಜದ ಭಾರ ಬಿಟ್ಟು ಮುಂದಕ್ಕೆ ತಳ್ಳೋದು. ತೋಳಿಂದ ಅಲ್ಲ ಸೊಂಟದಿಂದ ತಳ್ಳು ಮೀಹಾ ಅಂತ ನನ್ನ ಬೆನ್ನ ಮೇಲೆ ಕೈಯಿಟ್ಟು ತೋರಿಸಿದ್ರು. ಗಿರಣಿ ಬರೋ ಮುಂಚೆ ಹೆಂಗಸರು ದಿನಾ ಗಂಟೆಗಟ್ಟಲೆ ಹೀಗೇ ಮಂಡಿ ಮೇಲೆ ಕೂತು ಇಡೀ ಮನೆಗೆ ಅರೀತಿದ್ರು, ತೀಯಾ ಅವರಮ್ಮನ ಮಂಡಿ ಕಪ್ಪಗೆ ಗಡುಸಾಗಿತ್ತಂತೆ. ಗಿರಣಿ ಬಂದಿದ್ದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ, ಹಳೇ ಪದ್ಧತಿ ಹೊಗಳೋ ಭರದಲ್ಲಿ ಇದನ್ನ ಮರೀಬಾರದು.

ಕೊಮಾಲ್ ಅಂದ್ರೆ ಹಂಚು. ಇಲ್ಲಿ ಮಣ್ಣಿನದು, ದೊಡ್ಡದು, ಸೌದೆ ಒಲೆ ಮೇಲೆ ಕೂರಿಸಿರ್ತಾರೆ, ಅಂಟದಿರಲಿ ಅಂತ ಮೇಲೆ ಸುಣ್ಣದ ನೀರು ಬಳಿದಿರ್ತಾರೆ. ಮಾಸಾ ಉಂಡೆ ಕಟ್ಟಿ, ಪ್ಲಾಸ್ಟಿಕ್ ಹಾಳೆ ಮಧ್ಯೆ ಇಟ್ಟು ಮರದ ಪ್ರೆಸ್ಸಲ್ಲಿ ಒತ್ತಿ, ಅಂಗೈ ಮೇಲೆ ತಿರುಗಿಸ್ಕೊಂಡು ಹಂಚಿಗೆ ಜಾರಿಸೋದು. ಬಿಡುವಾಗ ಕೈ ಹಿಂದಕ್ಕೆ ಎಳೀಬೇಕು, ಮುಂದಕ್ಕೆ ಎಸೆಯೋದಲ್ಲ. ಮೊದಲ ಮಗ್ಗುಲು ಸ್ವಲ್ಪ ಹೊತ್ತು, ಅಂಚು ಎದ್ದ ಕೂಡ್ಲೇ ಬರಿಗೈಯಲ್ಲೇ ಮಗುಚೋದು, ಎರಡನೇ ಮಗ್ಗುಲು ಜಾಸ್ತಿ ಹೊತ್ತು, ಮತ್ತೆ ತಿರುವಿದಾಗ ಹಬೆ ಒಳಗೇ ತುಂಬಿ ಪೂರ್ತಿ ಉಬ್ಬುತ್ತೆ. ಉಬ್ಬಿದ್ರೆ ಕಾಳು ಬೆಂದ ಹದ, ಅರೆದ ಹದ, ನೀರಿನ ಹದ, ಬೆಂಕಿ ನಾಲ್ಕೂ ಸರಿ ಇದೆ ಅಂತ ಅರ್ಥ. ಬೆಂದಿದ್ದನ್ನ ಬಟ್ಟೆ ಹಾಸಿದ ಗರಿ ಬುಟ್ಟಿಗೆ ಹಾಕಿ ಮುಚ್ಚಿಡ್ತಾರೆ. ಅಗಲಕ್ಕೆ ತಟ್ಟಿ ಹಂಚಿನ ಮೇಲೇ ನಿಧಾನಕ್ಕೆ ಒಣಗಿಸಿದ್ರೆ ತ್ಲಾಯೂದಾ, ಅದು ದಿನಗಟ್ಟಲೆ ಇರುತ್ತೆ. ಮೊದಲ ಟೋರ್ಟಿಯಾನ ಬರೀ ಉಪ್ಪು ಉದುರಿಸಿ ಸುತ್ತಿ ಕೊಟ್ರು. ಹಸಿ ತೆನೆಯ ಸಿಹಿ, ಸುಣ್ಣದ ಒಂದು ಎಳೆ, ಹೊಗೆ. ಪಲ್ಯ ಚಟ್ನಿ ಏನೂ ಬೇಕಾಗ್ಲಿಲ್ಲ.

ಇಷ್ಟು ರುಚಿ ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ತೀಯಾ ಒಲೆ ಕಡೆ ತೋರಿಸ್ಲಿಲ್ಲ, ಮಳೆ ಬಿದ್ದಾಗ ಬಾ, ಬಿತ್ತೋದು ನೋಡು ಅಂದ್ರು.

ಜೂನಲ್ಲಿ ಹೋದೆ. ಇಲ್ಲಿ ನೀರಾವರಿ ಕಮ್ಮಿ, ಎಲ್ಲ ಮಳೆಯಾಶ್ರಿತ. ಎತ್ತಿನ ಜೋಡಿ ಕಟ್ಟಿ ತೀಯಾ ಅವರ ತಮ್ಮ, ಮರದ ನೇಗಿಲಲ್ಲಿ ಸಾಲು ಎಳೀತಾ ಹೋದ್ರು, ಹಿಂದೆ ನಾವು. ಹೆಜ್ಜೆಗೊಂದು ಕಡೆ ಮೂರೋ ನಾಲ್ಕೋ ಮೆಕ್ಕೆಜೋಳದ (ಇನ್ನು ಬರೀ ಜೋಳ ಅಂತೀನಿ) ಕಾಳು, ಜೊತೆಗೆ ಬೀನ್ಸ್ ಕಾಳು, ಅಷ್ಟು ದೂರಕ್ಕೊಂದು ಕುಂಬಳದ ಬೀಜ, ಕಾಲಲ್ಲೇ ಮಣ್ಣು ಎಳೆದು ಮುಚ್ಚೋದು. ಇದೇ ಮಿಲ್ಪಾ. ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತೆ, ಬೀನ್ಸ್ ಬೇರಿನ ಗಂಟುಗಳಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಸೇರಿಸುತ್ತೆ, ಕುಂಬಳದ ಅಗಲ ಎಲೆ ನೆಲ ಮುಚ್ಚಿ ತೇವ ಉಳಿಸುತ್ತೆ. ನಮ್ಮ ಕಡೆ ಹಿಂದೆ ಅಕ್ಕಡಿ ಸಾಲು ಹಾಕ್ತಿದ್ರಲ್ಲ, ರಾಗಿ ಬಿಳಿಜೋಳದ ನಡುವೆ ಅವರೆ ತೊಗರಿ ಹುಚ್ಚೆಳ್ಳು ಅಂತ, ಆ ಲೆಕ್ಕನೇ. ಊಟದಲ್ಲೂ ಇದೇ ಜೊತೆ, ಜೋಳದಲ್ಲಿ ಕಮ್ಮಿ ಇರೋ ಲೈಸಿನ್ ಅನ್ನೋ ಪ್ರೋಟೀನ್ ಅಂಶ ಬೀನ್ಸಲ್ಲಿದೆ, ಬೀನ್ಸಲ್ಲಿ ಕಮ್ಮಿ ಇರೋದು ಜೋಳದಲ್ಲಿದೆ.

ನಾನು ಮಾಂಸ ತಿನ್ನಲ್ಲ, ಮೆಕ್ಸಿಕೋದಲ್ಲಿ ಉಪವಾಸ ಬೀಳ್ತೀಯ ಅಂತ ನಮ್ಮೂರಲ್ಲಿ ಎಲ್ಲರೂ ಹೆದರಿಸಿದ್ರು. ಮಳೆಗಾಲದಲ್ಲಿ ತೀಯಾ ಅವರ ಹೊಲ ನೋಡಿದ್ದರೆ ಆ ಮಾತು ಯಾರೂ ಆಡ್ತಿರಲಿಲ್ಲ. ಸಾಲುಗಳ ನಡುವೆ ತಾನಾಗೇ ಏಳೋ ಸೊಪ್ಪುಗಳಿಗೆ ಕೆಲೀತೆಸ್ ಅಂತಾರೆ. ದಂಟಿನ ಸೊಪ್ಪಿನ ಜಾತಿದು ಇದೆ, ನಮ್ಮ ದೊಡ್ಡಗೋಣಿ ಸೊಪ್ಪು ಅದೇ ಗಿಡನೇ ಇದೆ, ಚೆಪೀಲ್ ಅಂತ ಇನ್ನೊಂದು, ಸಣ್ಣ ಎಲೆ, ಹುರುಳಿ ಸೊಪ್ಪಿನ ಥರದ ಘಮ, ಅದನ್ನ ಮಾಸಾಗೆ ಕಲಸಿ ತಮಾಲೆ, ಅಂದ್ರೆ ಎಲೆಯಲ್ಲಿ ಸುತ್ತಿ ಹಬೇಲಿ ಬೇಯಿಸೋ ಕಡುಬು ಮಾಡ್ತಾರೆ. ಮತ್ತೆ ಸೋಪಾ ದೆ ಗೀಯಾಸ್, ಕುಂಬಳ ಬಳ್ಳಿಯ ಸಾರು. ಇದನ್ನ ಮಾಡೋದು ನಾನು ಹತ್ತಿರ ನಿಂತು ನೋಡಿದೆ, ಮಾಡಿದೆ ಕೂಡ. ಕುಂಬಳದ ಬಳ್ಳಿಯ ಎಳೇ ತುದಿ ಕಿತ್ತು, ತಂತಿನ ಬಿಡಿಸಿ, ದಂಟಿನ ನಾರು ಉದ್ದಕ್ಕೆ ಸುಲಿದು, ಎಲೆ ಹಿಂದಿನ ಮುಳ್ಳುಮುಳ್ಳು ಹೋಗೋ ಹಾಗೆ ಕೈಯಲ್ಲಿ ಹಿಸುಕಿ ತೊಳೆದು ಇಡೋದು. ನೀರಲ್ಲಿ ಮೊದಲು ತುಂಡು ಮಾಡಿದ ಹಸಿ ತೆನೆ, ಈರುಳ್ಳಿ ಬೆಳ್ಳುಳ್ಳಿ ಬೇಯಬೇಕು, ಆಮೇಲೆ ಎಳೇ ಕುಂಬಳಕಾಯಿ, ಆಮೇಲೆ ಬಳ್ಳಿ, ಕೊನೆಗೆ ಚೆಪೀಲ್ ಮತ್ತೆ ಕುಂಬಳದ ಹೂವು. ಮಾಸಾದಲ್ಲಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಹೆಬ್ಬೆರಳಲ್ಲಿ ಒಂದು ಗುಳಿ ಒತ್ತಿ ಕುದಿಯೋ ಸಾರಿಗೆ ಬಿಡ್ತಾರೆ, ಆ ಗುಳಿ ಇರೋದ್ರಿಂದ ಉಂಡೆ ಒಳಗೂ ಹೊರಗೂ ಒಂದೇ ಸಮ ಬೇಯುತ್ತೆ, ಸ್ವಲ್ಪ ಕರಗಿ ಸಾರನ್ನೂ ಗಟ್ಟಿ ಮಾಡುತ್ತೆ. ಪಕ್ಕಕ್ಕೆ ಮಣ್ಣಿನ ಮಡಕೆಯಲ್ಲಿ ಬೆಂದ ಕಪ್ಪು ಬೀನ್ಸ್, ಅದಕ್ಕೆ ಸುಟ್ಟ ಅವಕಾಡೋ ಎಲೆ ಹಾಕಿರ್ತಾರೆ, ಸೋಂಪಿನ ಥರ ಘಮ್ ಅನ್ನುತ್ತೆ. ಒಂದು ಹೊಲದಲ್ಲಿ ಒಂದು ಬೆಳಿಗ್ಗೆ ಕಿತ್ತಿದ್ದರಲ್ಲಿ ಇಡೀ ಊಟ.

ನನಗೆ ಇಲ್ಲಿ ವಿಷಯ ಅರ್ಥವಾಗಿದ್ದು. ಈ ಸಾರು ಬೇಕು ಅಂದ್ರೆ ಹೊಲಕ್ಕೆ ಕಳೆನಾಶಕ ಹೊಡೆಯೋ ಹಾಗಿಲ್ಲ. ಹೊಡೆದ್ರೆ ಚೆಪೀಲ್ ಹೋಗುತ್ತೆ, ದೊಡ್ಡಗೋಣಿ ಹೋಗುತ್ತೆ, ಬೀನ್ಸ್ ಕುಂಬಳ ಎರಡೂ ಅಗಲ ಎಲೆಯವು, ಅವೂ ಹೋಗುತ್ತೆ, ಉಳಿಯೋದು ಜೋಳ ಒಂದೇ. ಪಕ್ಕದ ಕೆಲವು ಹೊಲದಲ್ಲಿ ಹೊಡೀತಾರೆ, ಆಳು ಸಿಗಲ್ಲ, ಅವರ ಕಷ್ಟ ಅವರಿಗೆ. ತೀಯಾ ಅವರ ತಮ್ಮನ್ನ ಯಾಕೆ ಹೊಡೆಯಲ್ಲ ಅಂತ ಕೇಳಿದ್ರೆ ಮಣ್ಣಿನ ಆರೋಗ್ಯ ಪರಿಸರ ಅಂತೆಲ್ಲ ಅವರು ಮಾತಾಡ್ಲಿಲ್ಲ, ಅಕ್ಕ ಸಾರಿಗೆ ಏನು ಹಾಕ್ತಾಳೆ ಮತ್ತೆ ಅಂದ್ರು. ಅಡುಗೆ ಹೊಲವನ್ನ ಕಾಯ್ತಾ ಇದೆ. ನಮ್ಮೂರಲ್ಲಿ ಮೆಕ್ಕೆಜೋಳಕ್ಕೆ ಅಟ್ರಾಜಿನ್ ಅನ್ನೋ ಕಳೆನಾಶಕ ಹೊಡೆಯೋದು ಎಲ್ಲರೂ ಮಾಡೋ ಕೆಲಸ, ಆ ಹೊಲದಿಂದ ಅಡುಗೆಮನೆಗೆ ಬರೋದು ಏನೂ ಇಲ್ಲ, ಹಾಗಾಗಿ ಬೇಡ ಅನ್ನೋಕೆ ಅಡುಗೆಮನೆಗೆ ಕಾರಣನೂ ಇಲ್ಲ.

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಹತ್ರ ಭಾರತದಲ್ಲೇ ಮೊದಲ ಸಲ ಫಾಲ್ ಸೈನಿಕ ಹುಳು ಕಾಣಿಸ್ತಲ್ಲ, ಸುಳಿ ಒಳಗೆ ಕೂತು ಲದ್ದಿ ಹಾಕೋದು, ನಮ್ಮಪ್ಪ ಆಗಿಂದ ಅದರ ಜೊತೆ ಗುದ್ದಾಡ್ತಿದ್ದಾರೆ. ಆ ಹುಳದ ತವರು ಅಮೆರಿಕ ಖಂಡನೇ, ಇಲ್ಲಿ ಕೊಗೊಯೇರೋ ಅಂತಾರೆ, ತೀಯಾ ಹೊಲದಲ್ಲೂ ಇತ್ತು. ಇಲ್ಲಿ ಅದರ ಶತ್ರು ಹುಳಗಳೂ ಅದರ ಜೊತೆನೇ ಬೆಳೆದಿವೆ, ಬೆಳೆನೂ ಹತ್ತು ಥರ ಇದೆ, ಎಲೆ ತೂತಾಗಿದ್ರೂ ತೆನೆ ಬರುತ್ತೆ ಬಿಡು ಅಂತಾರೆ. ಅವರಿಗೆ ಹುಳಕ್ಕಿಂತ ಜಾಸ್ತಿ ಹೆದರಿಕೆ ಕನೀಕುಲಾದ್ದು, ಜುಲೈ ಆಗಸ್ಟಲ್ಲಿ ಮಳೆ ಕೈಕೊಡೋ ಗ್ಯಾಪ್. ಅದು ಉದ್ದ ಎಳೆದ್ರೆ ಜೋಳ ಸುಳಿ ಸುರುಟಿಕೊಳ್ಳುತ್ತೆ. ಬೊಲೀತಾ ಬೇಗ ಬರೋ ತಳಿ, ಒಣಹವೆ ತಡೆಯೋ ತಳಿ, ಈ ಕಣಿವೆಯಲ್ಲಿ ಅದು ಉಳಿದಿರೋದು ಅದಕ್ಕೇ.

ನೆಲದ ವಿಷಯ ಸ್ವಲ್ಪ ಹೇಳಬೇಕು. ಒಹಾಕಾದಲ್ಲಿ ಹೆಚ್ಚಿನ ಭೂಮಿ ಖಾಸಗಿ ಪಟ್ಟಾ ಅಲ್ಲ, ಊರಿನ ಸಮುದಾಯದ್ದು ಅಥವಾ ಎಹೀದೊ, ಅಂದ್ರೆ 1910ರ ಕ್ರಾಂತಿ ಆದ್ಮೇಲೆ 1917ರ ಸಂವಿಧಾನದ 27ನೇ ವಿಧಿ ಪ್ರಕಾರ ಜಮೀನ್ದಾರರಿಂದ ತೆಗೆದು ಊರಿನವರಿಗೆ ಕೊಟ್ಟ ಜಮೀನು. 1992ರಲ್ಲಿ ಆ ವಿಧಿ ಬದಲಾಯಿಸಿ ಎಹೀದೊ ಜಮೀನು ಖಾಸಗಿ ಮಾಡ್ಕೊಳ್ಳೋಕೆ ದಾರಿ ಬಿಟ್ರು, ಆದ್ರೆ ಇಂಥ ಊರುಗಳಲ್ಲಿ ಹೊರಗಿನವರಿಗೆ ನೆಲ ಮಾರೋದು ಸುಲಭ ಇಲ್ಲ, ಊರಿನ ಸಭೆ ಒಪ್ಪಬೇಕು. ಒಹಾಕಾದ 570 ಮುನಿಸಿಪಾಲಿಟಿಗಳಲ್ಲಿ 400ಕ್ಕೂ ಹೆಚ್ಚು ಕಡೆ ಪಾರ್ಟಿ ಚುನಾವಣೆ ಇಲ್ಲ, ಸಭೆ ಸೇರಿ ಜನರನ್ನ ಆರಿಸ್ತಾರೆ. ತೆಕೀಯೊ ಅಂತ ಇದೆ, ಕಾಲುವೆ ತೆಗೆಯೋದು, ರಸ್ತೆ ರಿಪೇರಿ, ಗುಡ್ಡದಲ್ಲಿ ಗಿಡ ನೆಡೋದು ಇಂಥ ಕೆಲಸಕ್ಕೆ ಮನೆಗೊಬ್ಬರು ಸಂಬಳ ಇಲ್ಲದೆ ಬರಲೇಬೇಕು.

ಇಷ್ಟಿದ್ರೂ ಲೆಕ್ಕ ಹಾಕಿದ್ರೆ ಮಿಲ್ಪಾ ದುಡ್ಡಿನಲ್ಲಿ ಗಿಟ್ಟಲ್ಲ. ಎತ್ತಿನ ಬಾಡಿಗೆ, ಆಳು ಕೂಲಿ ಕೂಡಿಸಿದ್ರೆ ಅಂಗಡೀಲಿ ಜೋಳ ತಗೊಳ್ಳೋದೇ ಅಗ್ಗ. 1994ರಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ನಾಫ್ಟಾ ವ್ಯಾಪಾರ ಒಪ್ಪಂದ ಜಾರಿ ಆದ್ಮೇಲೆ ಅಮೆರಿಕದ ಸಬ್ಸಿಡಿ ಜೋಳ ಒಳಗೆ ಬಂತು, ಸಣ್ಣ ರೈತರ ಬೆಲೆ ಬಿತ್ತು, ಎಷ್ಟೋ ಗಂಡಸರು ಹೊಲ ಬಿಟ್ಟು ಉತ್ತರಕ್ಕೆ ಹೋದ್ರು. ತೀಯಾ ಮಗನೂ ಲಾಸ್ ಏಂಜಲೀಸಲ್ಲಿ ಕೆಲಸ ಮಾಡ್ತಾನೆ. ಬಿತ್ತನೆ ಟೈಮಿಗೆ ದುಡ್ಡು ಕಳಿಸ್ತಾನೆ, ಅದರಲ್ಲೇ ಎತ್ತಿನ ಬಾಡಿಗೆ ಕೊಡೋದು. ಅಲ್ಲಿ ದುಡಿದ ಡಾಲರ್ ಇಲ್ಲಿ ಅಮ್ಮನ ಟೋರ್ಟಿಯಾ ಆಗ್ತಿದೆ. ಯಾಕೆ ಬೆಳೀತೀರ ಹಾಗಾದ್ರೆ ಅಂದಿದ್ದಕ್ಕೆ ತೀಯಾ, ಅಂಗಡಿ ಜೋಳ ಮನೆಗೆ ತಂದ್ರೆ ಊರಲ್ಲಿ ಹೇಗೆ ತಲೆ ಎತ್ತಲಿ ಅಂದ್ರು, ಆಮೇಲೆ ಅದು ರುಚಿನೂ ಇಲ್ಲ ಅಂತ ಸೇರಿಸಿದ್ರು.

ಒಂದು ದಿನ ಅದೇ ಕಣಿವೆಯ ಮಿತ್ಲಾ ಊರಿನ ಹತ್ರದ ಗೀಲಾ ನಕೀಟ್ಸ್ ಗುಹೆಗೆ ಹೋಗಿದ್ವಿ. ಗುಹೆ ಅಂದ್ರೆ ದೊಡ್ಡದೇನಲ್ಲ, ಬಂಡೆ ಕೆಳಗಿನ ಒಂದು ಆಸರೆ, ಸುತ್ತ ಮುಳ್ಳುಕಂಟಿ, ಬಿಸಿಲು. 1966ರಲ್ಲಿ ಕೆಂಟ್ ಫ್ಲ್ಯಾನರಿ ಅನ್ನೋ ಪುರಾತತ್ವಜ್ಞರು ಇಲ್ಲಿ ಅಗೆಸಿದಾಗ ಸಿಕ್ಕಿದ ಕುಂಬಳದ ಬೀಜಗಳು ಸುಮಾರು 10,000 ವರ್ಷ ಹಳೇವು, ಜನ ಬಿತ್ತಿ ಬೆಳೆದಿದ್ದು. ಜೋಳದ ದಿಂಡುಗಳು ಸುಮಾರು 6,250 ವರ್ಷದವು, ಬೆರಳಿಗಿಂತ ಚಿಕ್ಕವು. ತೆಯೋಸಿಂತೆ ಅನ್ನೋ ಕಾಡುಹುಲ್ಲಿಂದ, ಒಂದು ತೆನೇಲಿ ಗಟ್ಟಿ ಚಿಪ್ಪಿನ ಹತ್ತು ಹನ್ನೆರಡು ಕಾಳು ಇರೋ ಹುಲ್ಲಿಂದ, ಜನ ಆರಿಸಿ ಆರಿಸಿ ಇವತ್ತಿನ ತೆನೆ ಮಾಡಿದಾರೆ. ಮೆಕ್ಸಿಕೋದಲ್ಲಿ ಗುರುತಿಸಿರೋ 64 ಜೋಳದ ತಳಿಗಳಲ್ಲಿ 59 ಆ ದೇಶದ ನೆಲದ್ದೇ. 2010ರಲ್ಲಿ ಯುನೆಸ್ಕೊ ಯಾಗುಲ್ ಮಿತ್ಲಾದ ಈ ಗುಹೆಗಳನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು, ಅದೇ ವರ್ಷ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆನೂ ಪರಂಪರೆ ಅಂತ ಗುರುತಿಸ್ತು, ಅದರ ವಿವರಣೆಯಲ್ಲಿ ಮಿಲ್ಪಾ ಮತ್ತೆ ನಿಶ್ತಮಾಲ್ ಎರಡೂ ಇವೆ. ಗುಹೆಯಿಂದ ತೀಯಾ ಹೊಲ ವ್ಯಾನಲ್ಲಿ ಸ್ವಲ್ಪ ಹೊತ್ತಿನ ದಾರಿ, ಅಷ್ಟೇ.

ಭಾನುವಾರ ತ್ಲಾಕೊಲೂಲಾ ಸಂತೆ. ನಮ್ಮ ಸೀಮೆಬದನೆ, ಸಪೋಟ, ಟೊಮೆಟೊ, ಸೀಬೆ ಎಲ್ಲ ಅದರದರ ತವರಲ್ಲಿ ರಾಶಿ ಬಿದ್ದಿರೋದು ನೋಡೋಕೆ ಬಹಳ ಖುಷಿ. ಮೆಣಸಿನಕಾಯಿ ಸಾಲಂತೂ ಮುಗಿಯೋದೇ ಇಲ್ಲ, ಪೋರ್ಚುಗೀಸರು 16ನೇ ಶತಮಾನದಲ್ಲಿ ಹಡಗಲ್ಲಿ ತಂದಿದ್ದು ಈ ಖಂಡದ ಕಾಯಿನೇ, ಅದರಿಂದ ಬ್ಯಾಡಗಿ ಆಯ್ತು. ಮೋಲೆ ನೆಗ್ರೋ ಅನ್ನೋ ಗಟ್ಟಿ ಕಪ್ಪು ಗ್ರೇವಿಗೆ ಬೇಕಾದ ಚಿಲ್ವಾಕ್ಲೆ ಅನ್ನೋ ಕಪ್ಪು ಮೆಣಸಿನಕಾಯಿ ಬೆಳೆಯೋದು ಉತ್ತರಕ್ಕಿರೋ ಕುಯಿಕಾತ್ಲಾನ್ ಕಣಿವೆ ಕಡೆ, ಬೆಳೆಯೋರು ಕಮ್ಮಿ ಆಗಿದಾರೆ, ರೇಟು ಕೇಳಿದ್ರೆ ಗಾಬರಿ ಆಗುತ್ತೆ, ಜನ ಹಬ್ಬಕ್ಕೆ ಅಂತ ಎಣಿಸಿ ತಗೊಳ್ತಾರೆ. ಸತ್ತವರ ಹಬ್ಬಕ್ಕೆ ನವೆಂಬರ್ ಹತ್ರ ತೀಯಾ ಮನೇಲಿ ಮೋಲೆ ಮಾಡಿದಾಗ ಮೆಣಸಿನಕಾಯಿಯ ಬೀಜನ ಬೇರೆ ತೆಗೆದು ಕಪ್ಪಗೆ ಇದ್ದಿಲಾಗೋ ತನಕ ಸುಟ್ಟು, ನೀರು ಬದಲಾಯಿಸಿ ಬದಲಾಯಿಸಿ ನೆನೆಸಿ ಕಹಿ ತೆಗೆದು ಆಮೇಲೆ ಅರೆದ್ರು. ಆ ಸುಡೋ ಹೊಗೆಗೆ ಮನೆಯವರೆಲ್ಲ ಅಂಗಳದಲ್ಲಿ. ಎಳ್ಳು, ಬಾದಾಮಿ, ಒಣದ್ರಾಕ್ಷಿ, ಚಕ್ಕೆ ಲವಂಗ, ಸುಟ್ಟ ಟೋರ್ಟಿಯಾ, ಕೊನೆಗೆ ಚಾಕಲೇಟು. ನನ್ನ ಪಾಲಿಗೆ ಹಂದಿ ಕೊಬ್ಬಿನ ಬದಲು ಎಣ್ಣೆಯಲ್ಲಿ ಹುರಿದು, ತರಕಾರಿ ಬೇಯಿಸಿದ ನೀರಲ್ಲಿ ಕದಡಿದ ಒಂದು ಸಣ್ಣ ಮಡಕೆ ಬೇರೆ ಇಟ್ಟಿದ್ರು. ಅಷ್ಟು ಕೆಲಸದ ಮಧ್ಯೆ ಅದನ್ನ ನೆನಪಿಟ್ಟಿದ್ದರಲ್ಲ.

ಡಿಸೆಂಬರ್ ಹೊತ್ತಿಗೆ ತೆನೆ ಒಣಗಿ ಮುರಿದು ತಂದು ಅಂಗಳದಲ್ಲಿ ಸುರಿದ್ರು. ಬೀಜ ಆರಿಸೋದು ತೀಯಾ ಕೆಲಸ, ಇನ್ನೊಬ್ಬರಿಗೆ ಬಿಡಲ್ಲ. ಸಾಲು ನೆಟ್ಟಗಿರಬೇಕು, ದಿಂಡು ಸಣ್ಣ ಕಾಳು ದಪ್ಪ, ತುದಿ ತನಕ ಸಿಪ್ಪೆ ಮುಚ್ಚಿರಬೇಕು, ಇಲ್ಲಾಂದ್ರೆ ಹುಳ ಇಳಿಯುತ್ತೆ. ಅಂಥ ತೆನೆಗಳ ಸಿಪ್ಪೆ ಹಿಂದಕ್ಕೆ ಮಡಚಿ ಜಡೆ ಹಾಕಿ ಒಲೆ ಮೇಲಿನ ತೊಲೆಗೆ ನೇತುಹಾಕ್ತಾರೆ, ಹೊಗೆಗೆ ಹುಳ ಬರಲ್ಲ. ಬಿತ್ತೋ ಮುಂಚೆ ತುದಿ ಬುಡದ ಕಾಳು ಬಿಟ್ಟು ನಡುವಿನದು ಮಾತ್ರ ಬೀಜಕ್ಕೆ ತಗೊಳ್ಳೋದು. ಆರಿಸುವಾಗ ತೀಯಾ ಇದು ಬೆಂದ್ರೆ ಮೆತ್ತಗೆ ಬರುತ್ತೆ, ಇದು ತ್ಲಾಯೂದಾಕ್ಕೆ, ಇದು ತೆಹಾತೆಗೆ ಅಂತ ಹೇಳ್ತಾನೇ ಇದ್ರು, ತೆಹಾತೆ ಅಂದ್ರೆ ಜೋಳ, ಕೋಕೋ, ಒಂದು ಥರದ ಹೂವು ಎಲ್ಲ ಅರೆದು ಕೈಯಲ್ಲಿ ನೊರೆ ಎಬ್ಬಿಸಿ ಮಾಡೋ ತಣ್ಣನೆ ಪಾನೀಯ. ಇಳುವರಿ ಬಗ್ಗೆ ಒಂದು ಮಾತೂ ಬರಲಿಲ್ಲ.

ಮೆಕ್ಕೆಜೋಳದ ಹೂಪುಡಿ ಗಾಳೀಲಿ ಹಾರಿ ಅಕ್ಕಪಕ್ಕದ ಹೊಲಕ್ಕೆ ಬೀಳುತ್ತೆ, ಕುಲಾಂತರಿ ಬಗ್ಗೆ ಇಲ್ಲಿ ಜನ ಇಷ್ಟು ಕಾವೇರೋದು ಅದಕ್ಕೆ. 2001ರಲ್ಲಿ ಇದೇ ಒಹಾಕಾದ ಬೆಟ್ಟದ ಜೋಳದಲ್ಲಿ ಕುಲಾಂತರಿ ಅಂಶ ಸಿಕ್ತು ಅಂತ ನೇಚರ್ ಪತ್ರಿಕೆಯಲ್ಲಿ ವರದಿ ಬಂದು ದೊಡ್ಡ ವಿವಾದ ಆಗಿತ್ತು, 2013ರಲ್ಲಿ ಕೋರ್ಟು ಬಿತ್ತನೆ ಪರವಾನಗಿಗೆ ತಡೆ ಹಾಕ್ತು, 2024ರ ಡಿಸೆಂಬರಲ್ಲಿ ನಾಫ್ಟಾ ಜಾಗಕ್ಕೆ ಬಂದ ಹೊಸ ವ್ಯಾಪಾರ ಒಪ್ಪಂದದ ಸಮಿತಿ ಅಮೆರಿಕದ ಪರವಾಗಿ, ಕುಲಾಂತರಿ ಜೋಳದ ಮೇಲೆ ಮೆಕ್ಸಿಕೋ ಹಾಕಿದ್ದ ನಿರ್ಬಂಧದ ವಿರುದ್ಧ ತೀರ್ಪು ಕೊಡ್ತು, 2025ರ ಮಾರ್ಚಲ್ಲಿ ಮೆಕ್ಸಿಕೋ ಸಂವಿಧಾನಕ್ಕೇ ತಿದ್ದುಪಡಿ ತಂದು ಕುಲಾಂತರಿ ಮೆಕ್ಕೆಜೋಳ ಬಿತ್ತೋದನ್ನ ನಿಷೇಧಿಸ್ತು. ಪಶು ಆಹಾರಕ್ಕೆ ಅಮೆರಿಕದ ಹಳದಿ ಜೋಳ ಮಾತ್ರ ಈಗಲೂ ಬರ್ತಾನೇ ಇದೆ.

ಬೀಜನ ಭಾರತಕ್ಕೆ ಹಾಗೇ ತಗೊಂಡು ಬರೋ ಹಾಗಿಲ್ಲ, ಪರ್ಮಿಟ್ಟು ಕ್ವಾರಂಟೈನ್ ಇದೆ, ಇರಲೂ ಬೇಕು. ಹಾಗಾಗಿ ರಜೆಗೆ ಊರಿಗೆ ಹೋದಾಗ ನಮ್ಮ ಹೊಲದ ಹೈಬ್ರಿಡ್ ಕಾಳಲ್ಲೇ ನಿಶ್ತಮಾಲ್ ಮಾಡಿದೆ. ಮಾಡೋರಿಗೆ ಒಂದು ಮಾತು, ಬಣ್ಣ ಹಚ್ಚಿದ ಬಿತ್ತನೆ ಬೀಜ ಖಂಡಿತ ಬಳಸಬೇಡಿ, ಅದಕ್ಕೆ ಔಷಧಿ ಸವರಿರ್ತಾರೆ, ತಿನ್ನೋ ಸುಣ್ಣನೇ ತಗೊಳ್ಳಿ, ಗೋಡೆಗೆ ಬಳಿಯೋದಲ್ಲ, ಅಲ್ಯೂಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನ ತಿಂದುಬಿಡುತ್ತೆ. ನಮ್ಮ ಕಾಳು ಗಟ್ಟಿ, ಬೊಲೀತಾಗಿಂತ ಜಾಸ್ತಿ ಹೊತ್ತು ಬೇಯಿಸಬೇಕಾಯ್ತು, ವೆಟ್ ಗ್ರೈಂಡರಲ್ಲಿ ನೀರು ಚಿಮುಕಿಸಿ ಚಿಮುಕಿಸಿ ರುಬ್ಬಿ, ಅವ್ವ ರೊಟ್ಟಿ ಹಂಚಿನ ಮೇಲೆ ಕೈಯಲ್ಲೇ ತಟ್ಟಿದ್ಲು, ಉಬ್ಬಿತು. ಅಪ್ಪ ಉಣ್ತಾ ಉಣ್ತಾ ಬಾವಿ ಪಕ್ಕದ ತುಂಡು ಜಾಗಕ್ಕೆ ಈ ಮುಂಗಾರಿಗೆ ಔಷಧಿ ಹೊಡೆಯಲ್ಲ, ಅವರೆ ಕುಂಬಳ ಸೇರಿಸಿ ಹಾಕೋಣ ಅಂದ್ರು, ಆದ್ರೆ ಹೈಬ್ರಿಡ್ ಬೀಜ ಎತ್ತಿಟ್ರೆ ಮುಂದಿನ ವರ್ಷ ಅದೇ ಗುಣ ಬರಲ್ಲ, ನಾಟಿ ಮೆಕ್ಕೆಜೋಳ ಬೇಕು ಅಂತಾನೂ ಅಂದ್ರು. ನಿಮ್ಮೂರ ಕಡೆ ಯಾರ ಹತ್ರಾನಾದ್ರೂ ಹಳೇ ನಾಟಿ ತಳಿ ಇನ್ನೂ ಉಳಿದಿದ್ರೆ ದಯವಿಟ್ಟು ತಿಳಿಸಿ, ಒಂದೆರಡು ತೆನೆ ಆದ್ರೂ ಸಾಕು.